ಮಳಿಗೆಗೆ ದೀರ್ಘ ಯಾಕೆ?

ಕೋಲಾರದ ಚಿನ್ನದ ಗಣಿ ಊರಾದ ಕೆಜಿಎಫ್‌ನ ಹಳೇ ಕಟ್ಟಡಗಳ ಬಗ್ಗೆ ಬರೆದವರೊಬ್ಬರು ರಾಬರ್ಟ್‌ಸನ್‌ಪೇಟೆಯ ‘ಪಾರಂಪರಿಕ ಮಾಳಿಗೆಗಳು’ ಎಂದಿದ್ದಾರೆ. ಫೋಟೋದಲ್ಲಿ ಕಾಣುವುದು ಸಾಲಾಗಿ ಅಂಗಡಿ ಬಾಗಿಲು. ಮೈಸೂರಿನಲ್ಲೂ ಇದೇ ಕತೆ. ‘ಮಾಳಿಗೆ ಬಾಡಿಗೆಗಿದೆ’ ಅಂತ ಬೋರ್ಡು, ಹೋಗಿ ನೋಡಿದರೆ ರಸ್ತೆ ಮಟ್ಟದಲ್ಲಿ ಶಟರ್ ಹಾಕಿದ ಕೋಣೆ. ಒಂದು ದೀರ್ಘ ಜಾಸ್ತಿ ಆಯ್ತು, ಅಷ್ಟೇ ಅಲ್ವಾ ಅನ್ನುತ್ತಾರೆ. ಅಷ್ಟೇ ಅಲ್ಲ.

ಮಳಿಗೆ ಅಂದರೆ ವ್ಯಾಪಾರ ಮಾಡಲು, ಸರಕು ಇಡಲು ಇರುವ ಜಾಗ. ಮಾಳಿಗೆ ಚಾವಣಿಗೆ ಸೇರಿದ ಮಾತು. ಹೆಂಚಿನ ಮನೆ ಒಂದು, ಮಾಳಿಗೆ ಮನೆ ಇನ್ನೊಂದು. ಉತ್ತರ ಕರ್ನಾಟಕದಲ್ಲಿ ಮಣ್ಣು ಹಾಸಿದ ಚಪ್ಪಟೆ ಚಾವಣಿಯೇ ಮಾಳಿಗೆ. ಮೇಲಂತಸ್ತೂ ಮಾಳಿಗೆಯೇ. ನೆಲದಡಿಯ ಕೋಣೆ ನೆಲಮಾಳಿಗೆ. ಅದನ್ನು ‘ನೆಲಮಳಿಗೆ’ ಎಂದು ಬರೆಯುವವರೂ ಇದ್ದಾರೆ. ಅಲ್ಲಿ ಏನು ಮಾರುತ್ತಾರೋ! ತಮಿಳಿನಲ್ಲೂ ಈ ಜೋಡಿ ಉಂಟು. ಮಳಿಗೈ ಅಂದರೆ ದಿನಸಿ, ಮಾಳಿಗೈ ಅಂದರೆ ಅರಮನೆಯಂಥ ಮನೆ. ಕೆಜಿಎಫ್‌ನಲ್ಲಿ ತಮಿಳು ಮಾತಾಡುವವರು ಬಹಳ. ಅವರೆದುರು ಈ ದೀರ್ಘ ಎಳೆದರೆ ದಿನಸಿ ಅಂಗಡಿ ಬಂಗಲೆ ಆಗಿಬಿಡುತ್ತದೆ.

ತಪ್ಪು ಎಲ್ಲಿಂದ ಹುಟ್ಟಿತು ಎಂದು ಊಹಿಸುವುದು ಕಷ್ಟವಲ್ಲ. ಹಳೇ ಪೇಟೆಬೀದಿಯ ಕಟ್ಟಡಗಳಲ್ಲಿ ಕೆಳಗೆ ಮಳಿಗೆ, ಮೇಲೆ ಮಾಳಿಗೆ. ಎರಡೂ ಒಂದೇ ಗೋಡೆ ಹಂಚಿಕೊಂಡಿರುತ್ತವೆ. ಆದರೆ ಸುದ್ದಿ ಬರೆಯುವವರು ಹುಷಾರಾಗಿರಬೇಕು. ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಇಂಥ ಕಡೆ ‘ಮಾಳಿಗೆ ಕುಸಿತ’ ಎಂದು ಬರೆದರೆ ಬಿದ್ದಿದ್ದು ಚಾವಣಿಯೋ ಇಡೀ ಅಂಗಡಿಯೋ? ಓದುವವರಿಗೆ ಹೇಗೆ ಗೊತ್ತಾಗಬೇಕು?

ಮಳಿಗೆ, ಅಂಗಡಿ ಎರಡೂ ಒಂದೇ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಪಾಲಿಕೆ ಹರಾಜು ಹಾಕುವುದು ಮಳಿಗೆಯನ್ನು. ಅದನ್ನು ಹಿಡಿದವರು ಅಲ್ಲಿ ಇಡುವುದು ಅಂಗಡಿ. ಗಣಿ ಊರಿನ ವಿಷಯದಲ್ಲಿ ಈ ವ್ಯತ್ಯಾಸ ಬೇಕೇ ಬೇಕು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಂಬಳ ನಿಂತ ಊರಿನಲ್ಲಿ ಅಂಗಡಿ ಎತ್ತಿಕೊಂಡು ಬೇರೆ ಕಡೆ ಹೋಗಬಹುದು. ಮಳಿಗೆಯನ್ನು ಎತ್ತಿಕೊಂಡು ಹೋಗಲು ಆಗುತ್ತದೆಯೇ? ಪಾರಂಪರಿಕ ಕಟ್ಟಡ ಎಂದು ಉಳಿಸಿಕೊಳ್ಳಬೇಕು ಅನ್ನುವುದು ಅದನ್ನೇ.

ಹಾಗಾದರೆ ದಸರಾ ವಸ್ತುಪ್ರದರ್ಶನದ ತಗಡಿನ ಶೆಡ್ಡು? ಗೋಡೆ ಗಟ್ಟಿ ಇಲ್ಲ ನಿಜ. ಆದರೂ ನಂಬರ್ ಹಾಕಿ ಬಾಡಿಗೆಗೆ ಕೊಟ್ಟ ಜಾಗ, ಹಾಗಾಗಿ ಅದು ಮಳಿಗೆಯೇ. ಗೇಟಿನ ಹೊರಗೆ ತಳ್ಳುಗಾಡಿಯಲ್ಲಿ ಚುರುಮುರಿ ಮಾರುವವರದು ಅಂಗಡಿ ಮಾತ್ರ.