ರಾಜ್ಯವೇ ಇಲ್ಲದಾಗ ಕರ್ನಾಟಕ ಕಾಂಗ್ರೆಸ್ ಸಮಿತಿ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಕರ್ನಾಟಕ ಒಂದಾಗಿದ್ದು 1956ರಲ್ಲಿ. ಹಾಗಿದ್ದರೆ 1920ರ ದಶಕದಲ್ಲೇ ‘ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ ಸಮಿತಿ’ ಇತ್ತು ಅಂತಾರಲ್ಲ, ಅದು ಹೇಗೆ?

ಇದ್ದದ್ದು ನಿಜ. ಸರ್ಕಾರದ ನಕ್ಷೆಯಲ್ಲಿ ಕರ್ನಾಟಕ ಇರಲಿಲ್ಲ, ಕಾಂಗ್ರೆಸ್ಸಿನ ನಕ್ಷೆಯಲ್ಲಿ ಇತ್ತು.

ಆಗ ಕನ್ನಡಿಗರು ಹರಿದು ಹಂಚಿಹೋಗಿದ್ದರು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಮುಂಬೈ ಪ್ರಾಂತ್ಯದಲ್ಲಿ. ಬಳ್ಳಾರಿ, ಮಂಗಳೂರು ಮದ್ರಾಸಿನಲ್ಲಿ. ಬೀದರ್, ಕಲಬುರ್ಗಿ, ರಾಯಚೂರು ನಿಜಾಮರ ಕೈಯಲ್ಲಿ. ಕೊಡಗು ಬೇರೆ, ಮೈಸೂರು ಬೇರೆ. ಕಾಂಗ್ರೆಸ್ ಕೂಡ ಮೊದಲು ಬ್ರಿಟಿಷರ ಪ್ರಾಂತ್ಯಗಳ ಲೆಕ್ಕದಲ್ಲೇ ಸಮಿತಿ ಮಾಡುತ್ತಿತ್ತು. ಧಾರವಾಡದ ಕಾರ್ಯಕರ್ತ ಮುಂಬೈ ಕಡೆ ನೋಡಬೇಕು, ಬಳ್ಳಾರಿಯವನು ಮದ್ರಾಸಿನ ಕಡೆ. ಮನೆಮಾತಿನಲ್ಲಿ ಸ್ವರಾಜ್ಯದ ವಿಷಯ ಹೇಳದಿದ್ದರೆ ಹಳ್ಳಿಯ ಜನ ಬರುವುದಾದರೂ ಹೇಗೆ, ಅಲ್ವಾ?

ತೆಲುಗರು ನಮಗಿಂತ ಮೊದಲೇ ತಮ್ಮ ಸಮಿತಿ ಪಡೆದುಕೊಂಡಿದ್ದರು. 1920ರಲ್ಲಿ ಧಾರವಾಡದಲ್ಲಿ ಸೇರಿದ ರಾಜಕೀಯ ಪರಿಷತ್ತು, ನಮಗೂ ಒಂದು ಬೇಕು ಎಂದಿತು. ಅದೇ ಡಿಸೆಂಬರಿನ ನಾಗಪುರ ಅಧಿವೇಶನಕ್ಕೆ ಕನ್ನಡಿಗರು ನೂರಾರು ಮಂದಿ ಹೋದರು. ಗಾಂಧೀಜಿ ಮುಂದೆ ನಿಂತು ರೂಪಿಸಿದ ಪಕ್ಷದ ಹೊಸ ಸಂವಿಧಾನಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಪ್ರಾಂತ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದರು. ಕರ್ನಾಟಕಕ್ಕೆ ತನ್ನದೇ ಸಮಿತಿ ಬಂತು. ಗಂಗಾಧರರಾವ್ ದೇಶಪಾಂಡೆ ಅದರ ಮೊದಲ ಅಧ್ಯಕ್ಷರು.

ಆ ಹುರುಪು ಎಷ್ಟಿತ್ತು ಅಂತ ನೋಡಬೇಕಾದರೆ ಬೆಳಗಾವಿಯ ಟಿಳಕವಾಡಿಗೆ ಹೋಗಿ. ಅಲ್ಲಿ ‘ಕಾಂಗ್ರೆಸ್ ಬಾವಿ’ ಅಂತ ಒಂದು ದೊಡ್ಡ ಬಾವಿ ಇದೆ. 1924ರ ಅಧಿವೇಶನಕ್ಕೆ ಬಂದವರ ನೀರಿಗೆಂದು ತೋಡಿಸಿದ್ದು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಆ ಜಾಗಕ್ಕೆ ವಿಜಯನಗರ ಅಂತ ಹೆಸರಿಟ್ಟರು, ಬಾವಿಗೆ ಪಂಪಾ ಸರೋವರ ಅಂತ. ಈ ಎರಡು ಹೆಸರು ಸುಮ್ನೆ ಇಟ್ಟದ್ದಲ್ಲ. ಒಡೆದುಹೋದ ನಾಡಿಗೆ ತಾನು ಒಂದಾಗಿದ್ದ ಕಾಲವನ್ನು ನೆನಪಿಸಿದವು. ಮೊದಲ ಏಕೀಕರಣ ಪರಿಷತ್ತು ಸೇರಿದ್ದೂ ಅಲ್ಲೇ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ.

ಮೈಸೂರಿನ ದಾರಿ ಬೇರೆ. ಸಂಸ್ಥಾನಗಳೊಳಗೆ ಕಾಂಗ್ರೆಸ್ ನೇರವಾಗಿ ಕೈಹಾಕುತ್ತಿರಲಿಲ್ಲ. 1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಸಿದ್ದು ಮೈಸೂರು ಕಾಂಗ್ರೆಸ್, ಅದು ಪ್ರತ್ಯೇಕ ಸಂಘಟನೆ.

ನನಗೆ ಜಾಸ್ತಿ ನೋವಾಗುವುದು ಮುಂದಿನ ಭಾಗ. ಪಕ್ಷದೊಳಗೆ 1920ರಲ್ಲೇ ಒಪ್ಪಿದ ಮಾತನ್ನು, ಅಧಿಕಾರ ಬಂದ ಮೇಲೆ ದೆಹಲಿ ತಡೆಹಿಡಿಯಿತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇದ್ದ ಸಮಿತಿ 1949ರಲ್ಲಿ, ಭಾಷಾವಾರು ರಾಜ್ಯಗಳಿಗೆ ಇದು ಕಾಲವಲ್ಲ ಎಂದಿತು. ದೆಹಲಿಯ ಮಾತಿಗೂ ಊರ ಜನರ ಸಿಟ್ಟಿಗೂ ನಡುವೆ ಸಿಕ್ಕಿಕೊಂಡದ್ದು ಕರ್ನಾಟಕ ಕಾಂಗ್ರೆಸ್ ಸಮಿತಿ. 1953ರಲ್ಲಿ ಹುಬ್ಬಳ್ಳಿ ಬಳಿಯ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತರು. ಹುಬ್ಬಳ್ಳಿಯಲ್ಲಿ ಸೇರಿದ್ದ ಇದೇ ಸಮಿತಿಯ ಸಭೆಯ ಎದುರು ಜನ ರೊಚ್ಚಿಗೆದ್ದರು.

ಕೊನೆಗೆ 1956ರ ನವೆಂಬರ್ 1ರಂದು ನಾಡು ಒಂದಾಯಿತು. ಹಿಂದೆ ಈ ಸಮಿತಿಯ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪನವರೇ ಮುಖ್ಯಮಂತ್ರಿಯಾದರು. ಆದರೆ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ಅದಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು ಇನ್ನೂ 17 ವರ್ಷ ಕಳೆದ ಮೇಲೆ, 1973ರಲ್ಲಿ.