ಸುಸ್ತಾದ ಕಾಲಿಗೆ ವೇಗ ಬರುವುದಿಲ್ಲ

ಸಂಜೆ ಬೆಲ್ ಹೊಡೆದ ಮೇಲೆ ಬೆಂಗಳೂರಿನ ಎಷ್ಟೋ ಶಾಲೆಗಳ ಗ್ರೌಂಡಿನಲ್ಲಿ ನಡೆಯುವುದು ಹೀಗೆ: ನೂರು ಮೀಟರ್ ಓಡುವ ಮಕ್ಕಳೂ ಮೊದಲು ನಾಲ್ಕು ರೌಂಡ್ ಹೊಡೆಯಬೇಕು, ಆಮೇಲೆ ಹತ್ತು ಸಲ ನೂರು ಮೀಟರ್, ನಡುವೆ ಒಂದೇ ನಿಮಿಷ ಬಿಡುವು. ಮಗು ಬೆವರಿನಲ್ಲಿ ತೊಯ್ದು ಮನೆಗೆ ಬಂದರೆ ಅಪ್ಪ ಅಮ್ಮನಿಗೂ ಸಮಾಧಾನ. ಆದರೆ ಇದರಿಂದ ಹೆಚ್ಚುವುದು ದಮ್ಮು, ವೇಗವಲ್ಲ.

ಪೂರ್ತಿ ಜೋರಿನ ಓಟಕ್ಕೆ ಸ್ನಾಯು ಮುಖ್ಯವಾಗಿ ಬಳಸುವುದು ತನ್ನಲ್ಲೇ ಕೂಡಿಟ್ಟುಕೊಂಡ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇಂಧನವನ್ನು. ಕೆಲವೇ ಸೆಕೆಂಡಿನಲ್ಲಿ ಅದರ ಬಹುಪಾಲು ಖರ್ಚಾಗುತ್ತದೆ. ಮತ್ತೆ ತುಂಬಲು ಮೂರರಿಂದ ಐದು ನಿಮಿಷ ಬೇಕು. ಅಷ್ಟು ಬಿಡುವು ಕೊಡದೆ ಓಡಿಸಿದರೆ ಮೂರನೆಯ ಓಟಕ್ಕೇ ಹೆಜ್ಜೆ ಭಾರವಾಗುತ್ತದೆ, ಉಳಿದ ಏಳರಲ್ಲಿ ಕಾಲು ನಿಧಾನವಾಗಿ ಓಡುವುದನ್ನೇ ರೂಢಿಮಾಡಿಕೊಳ್ಳುತ್ತದೆ. ಸುಲಭದ ಲೆಕ್ಕ: ಪ್ರತಿ 10 ಮೀಟರ್ ಓಟಕ್ಕೆ ಒಂದು ನಿಮಿಷ ಬಿಡುವು. 30 ಮೀಟರ್ ಓಡಿದರೆ ಮೂರು ನಿಮಿಷ. ಮಕ್ಕಳು ಸುಮ್ಮನೆ ನಿಂತಿದ್ದಾರಲ್ಲ ಎಂದು ಪಿ.ಟಿ. ಮೇಷ್ಟ್ರು ಚಡಪಡಿಸಬೇಕಾಗಿಲ್ಲ, ಆ ನಿಲ್ಲುವುದೂ ತರಬೇತಿಯೇ.

ವಾರಕ್ಕೆ ಎರಡು ದಿನ ಜೋರಿನ ಓಟ ಸಾಕು, ನಡುವೆ ಕನಿಷ್ಠ 48 ಗಂಟೆ. ಮಂಗಳವಾರ ಆರಂಭದ ವೇಗ: 10 ಮೀಟರ್ ನಾಲ್ಕು, 20 ಮೀಟರ್ ನಾಲ್ಕು, 30 ಮೀಟರ್ ಎರಡು. ಒಟ್ಟು 180 ಮೀಟರ್ ಅಷ್ಟೇ. ಬಸವನಗುಡಿ, ಜಯನಗರದ ಚಿಕ್ಕ ಗ್ರೌಂಡಿನಲ್ಲೂ ಇದು ನಡೆಯುತ್ತದೆ, ಮುಗಿಸಿದ ಮೇಲೆ ನಿಲ್ಲಲು 20 ಮೀಟರ್ ಜಾಗ ಇದ್ದರಾಯಿತು. ಗೋಡೆ ಹತ್ತಿರವಿದ್ದರೆ ಮಕ್ಕಳು ಕೊನೆಯ ಐದು ಮೀಟರಿಗೆ ಮೊದಲೇ ಬ್ರೇಕ್ ಹಾಕುತ್ತಾರೆ. ಶುಕ್ರವಾರ ಗರಿಷ್ಠ ವೇಗ: 25 ಮೀಟರ್ ಓಡಿ ಬಂದು, ಮುಂದಿನ 20 ಮೀಟರನ್ನು ಪೂರ್ತಿ ಜೋರಿನಲ್ಲಿ ದಾಟುವುದು. ನಾಲ್ಕು ಸಲ, ನಡುವೆ ಐದು ನಿಮಿಷ.

ಆ 20 ಮೀಟರನ್ನು ಅಳೆಯಲೇಬೇಕು. ಕೈಯ ಸ್ಟಾಪ್‌ವಾಚ್ ಇಷ್ಟು ಕಡಿಮೆ ದೂರಕ್ಕೆ ನಂಬಿಕೆಗೆ ಬಾರದು. ಮೊಬೈಲನ್ನು ಸ್ಲೋಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮಿಗೆ ಇಟ್ಟು, ಪಕ್ಕದಿಂದ ಎರಡೂ ಗುರುತು ಕಾಣುವಷ್ಟು ದೂರದಲ್ಲಿ ಅಲುಗಾಡದಂತೆ ನಿಲ್ಲಿಸಿ. ಗುರುತಿನ ಕೋಲುಗಳು ಓಡುವ ಗೆರೆಗೆ ಅಂಟಿಕೊಂಡಂತಿರಲಿ, ದೂರವಿದ್ದರೆ ಲೆಕ್ಕ ತಪ್ಪುತ್ತದೆ. ಎದೆ ಒಂದು ಕೋಲಿನಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ 600 ಫ್ರೇಮ್ ಆದರೆ 2.50 ಸೆಕೆಂಡ್, ಅಂದರೆ ಸೆಕೆಂಡಿಗೆ 8 ಮೀಟರ್. ಮುಂದಿನ ಓಟ 2.58ಕ್ಕಿಂತ ನಿಧಾನವಾದರೆ ಆ ದಿನಕ್ಕೆ ಅಲ್ಲಿಗೇ ಮುಗಿಸಿ, ಎರಡೇ ಸಲ ಓಡಿದ್ದರೂ ಸರಿ.

ಮಕ್ಕಳಿಗೆ ಅತಿ ಹೆಚ್ಚು ಕೆಡುಕು ಮಾಡುವ ಮಾತು 'ದೊಡ್ಡ ಹೆಜ್ಜೆ ಹಾಕು' ಎನ್ನುವುದು. ಅದನ್ನು ಕೇಳಿದ ಮಗು ಕಾಲನ್ನು ಮುಂದಕ್ಕೆ ಚಾಚುತ್ತದೆ, ಪಾದ ದೇಹಕ್ಕಿಂತ ತುಂಬಾ ಮುಂದೆ, ಹಿಮ್ಮಡಿಯ ಮೇಲೆ ಬೀಳುತ್ತದೆ. ಪ್ರತಿ ಹೆಜ್ಜೆಯೂ ಬ್ರೇಕ್ ಆಗುತ್ತದೆ, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಮೇಲೆ ಎಳೆತವೂ ಹೆಚ್ಚುತ್ತದೆ. ಹೆಜ್ಜೆ ಉದ್ದವಾಗುವುದು ನೆಲವನ್ನು ಬಲವಾಗಿ ಒತ್ತಿದಾಗ, ಕಾಲು ಚಾಚಿದಾಗಲ್ಲ. 'ಮಂಡಿ ಎತ್ತು, ಪಾದ ನಿನ್ನ ಕೆಳಗೇ ಬೀಳಲಿ' ಎಂದು ಹೇಳಿ. ಮಾತಿಗಿಂತ ಗೆರೆ ಚೆನ್ನಾಗಿ ಕಲಿಸುತ್ತದೆ: 15 ಮೀಟರ್ ಓಡಿ ಬರುವ ಜಾಗದಿಂದ ಮುಂದಕ್ಕೆ ಸುಣ್ಣದಲ್ಲಿ ಹತ್ತು ಅಡ್ಡ ಗೆರೆ ಎಳೆಯಿರಿ. ಗೆರೆಗಳ ನಡುವಿನ ಅಂತರವನ್ನು ಮೊದಲು 1.60 ಮೀಟರ್ ಇಟ್ಟು ನೋಡಿ, ಒಂದು ಅಂತರಕ್ಕೆ ಒಂದು ಹೆಜ್ಜೆ. ಹೆಜ್ಜೆ ಚಾಚಿ ಚಾಚಿ ಮುಟ್ಟುತ್ತಿದ್ದರೆ ಕಡಿಮೆ ಮಾಡಿ, ಹೆಜ್ಜೆ ಮೊಟಕು ಮಾಡಿ ಓಡುತ್ತಿದ್ದರೆ 10 ಸೆಂಟಿಮೀಟರ್ ಹೆಚ್ಚಿಸಿ.

'ಕೊನೆಯಲ್ಲಿ ಜೋರು ಮಾಡು' ಎಂಬ ಕೂಗೂ ಬೇಡ. 2009ರಲ್ಲಿ ಬರ್ಲಿನ್‌ನಲ್ಲಿ ನೂರು ಮೀಟರ್ ಓಟದಲ್ಲಿ 9.58 ಸೆಕೆಂಡಿನ ದಾಖಲೆ ಮಾಡಿದ ಉಸೇನ್ ಬೋಲ್ಟ್ ಕೂಡ 60ರಿಂದ 80 ಮೀಟರಿನ ಭಾಗವನ್ನು 1.61 ಸೆಕೆಂಡಿನಲ್ಲಿ, ಕೊನೆಯ 20 ಮೀಟರನ್ನು 1.66ರಲ್ಲಿ ಓಡಿದ್ದು. ಕೊನೆಯಲ್ಲಿ ಗೆಲ್ಲುವವರು ಕಡಿಮೆ ನಿಧಾನವಾಗುವವರು. ಹಲ್ಲು ಕಚ್ಚಿ, ಭುಜ ಬಿಗಿದರೆ ಕೈ ಬೀಸು ಚಿಕ್ಕದಾಗುತ್ತದೆ, ಕಾಲೂ ಅದನ್ನೇ ಹಿಂಬಾಲಿಸುತ್ತದೆ.

ಹ್ಯಾಮ್‌ಸ್ಟ್ರಿಂಗ್ ಗಟ್ಟಿಯಾಗಲು ನಾರ್ಡಿಕ್ ವ್ಯಾಯಾಮ ಒಳ್ಳೆಯದು. ಚಾಪೆಯ ಮೇಲೆ ಮಂಡಿಯೂರಿ, ಗೆಳೆಯ ಕಣಕಾಲು ಒತ್ತಿಹಿಡಿದಿರುವಾಗ, ಸೊಂಟ ಮಡಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗುವುದು, ಕೊನೆಗೆ ಕೈಯೂರುವುದು. ನಾಲ್ಕರಂತೆ ಎರಡು ಸುತ್ತು, ವಾರಕ್ಕೆರಡು ಸಲ, ಓಟ ಮುಗಿದ ಮೇಲೆ. ಮೊದಲ ವಾರ ಎರಡು ದಿನ ತೊಡೆ ನೋಯುತ್ತದೆ, ಆದ್ದರಿಂದ ಕ್ರೀಡಾಕೂಟ ಹತ್ತಿರ ಬಂದಾಗ ಶುರುಮಾಡಬೇಡಿ, ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಆರಂಭಿಸಿ. ಡಿಸೆಂಬರ್ ಚಳಿಯ ಬೆಳಗ್ಗೆ ವಾರ್ಮ್ ಅಪ್‌ಗೆ 20 ನಿಮಿಷ ಕೊಡಿ, ಕೊನೆಯಲ್ಲಿ ವೇಗ ಏರಿಸುತ್ತ 40 ಮೀಟರಿನ ಮೂರು ಓಟ ಇರಲಿ. ಅಪಾರ್ಟ್‌ಮೆಂಟಿನ ಕಾಂಕ್ರೀಟ್ ನೆಲದಲ್ಲಿ ಪೂರ್ತಿ ಜೋರಿನ ಓಟ ಬೇಡ.

ಒಂದೇ ವರ್ಷದಲ್ಲಿ ಸರಸರನೆ ಎತ್ತರವಾದ ಮಗು ಹಿಮ್ಮಡಿ ಅಥವಾ ಮಂಡಿಚಿಪ್ಪಿನ ಕೆಳಗೆ ನೋವು ಎಂದರೆ ನೆಪ ಎನ್ನಬೇಡಿ. ಬೆಳೆಯುತ್ತಿರುವ ಮೂಳೆಗೆ ಸ್ನಾಯುರಜ್ಜು ಅಂಟಿರುವ ಜಾಗವನ್ನು ಎಳೆತ ನೋಯಿಸುತ್ತಿರಬಹುದು. ಜಿಗಿತ, ಸ್ಪೈಕ್ಸ್ (ಅಡಿಯಲ್ಲಿ ಮೊಳೆಯಿರುವ ಶೂ) ನಿಲ್ಲಿಸಿ, ಓಟ ಅರ್ಧಕ್ಕಿಳಿಸಿ. ಕುಂಟುತ್ತಿದ್ದರೆ ಓಟವನ್ನೇ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.