ಮೈನೋವು, ಮನಸ್ಸು, ಮನೆತನ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕಂಪ್ಲಿ ಕಡೆ ದಿನವಿಡೀ ಕೆಸರಲ್ಲಿ ಬಗ್ಗಿ ಭತ್ತ ನಾಟಿ ಮಾಡುವವರಿಗೆ ಟೊಂಕ ನೋವು ಬರದೆ ಇರುತ್ತಾ? ಆದರೆ ಕೆಲವರದ್ದು ನಾಟಿ ಮುಗಿದು ಕೊಯ್ಲು ಬಂದರೂ ಹೋಗುವುದಿಲ್ಲ. "ನಿದ್ದಿ ಬರಂಗಿಲ್ರಿ, ಉಣ್ಣಾಕ ಮನಸಿಲ್ರಿ, ನಮ್ಮವ್ವಗೂ ಹಿಂಗ ಇತ್ತು" ಅನ್ನುವಷ್ಟರಲ್ಲಿ ಇಂಜೆಕ್ಷನ್ ಚೀಟಿ ಕೈಗೆ ಬಂದಿರುತ್ತದೆ. ಅವ್ವನ ವಿಷಯ ಯಾರೂ ಕೇಳುವುದಿಲ್ಲ.

ಮೈನೋವಿಗೂ ಮನಸ್ಸಿಗೂ ಮನೆತನಕ್ಕೂ ನಂಟಿದೆಯೇ ಎಂದು ವೈದ್ಯರು ಕೇಳಲು ಶುರುಮಾಡಿದ್ದೇ ತಡವಾಗಿ. ಬೆನ್ನುಹುರಿಯಲ್ಲಿ ನೋವಿಗೊಂದು ಗೇಟು ಇದೆ, ಮೆದುಳು ಅದನ್ನು ತೆರೆಯಲೂ ಮುಚ್ಚಲೂ ಬಲ್ಲದು ಎಂದು ನೋವಿನ ಸಂಶೋಧಕರಾದ ಮೆಲ್ಜ್ಯಾಕ್ ಮತ್ತು ವಾಲ್ ಹೇಳಿದ್ದು 1965ರಲ್ಲಿ. 1982ರಲ್ಲಿ ಬ್ಲೂಮರ್ ಮತ್ತು ಹೈಲ್‌ಬ್ರಾನ್ ಎಂಬ ಇನ್ನಿಬ್ಬರು ಸಂಶೋಧಕರು ಇನ್ನೂ ಮುಂದೆ ಹೋಗಿ, ಕಾರಣ ಸಿಗದ ದೀರ್ಘ ನೋವು ಖಿನ್ನತೆಯದ್ದೇ ಇನ್ನೊಂದು ರೂಪ ಎಂದರು. ಇದು ಅತಿಯಾಯಿತು. ನೋವು ತಿನ್ನುವವರನ್ನು "ಸುಮ್ನೆ ನಾಟಕ" ಅನ್ನುವವರಿಗೆ ಇಂಥ ಮಾತೇ ಸಾಕು, ಅಲ್ವಾ?

ಬಳ್ಳಾರಿ ಈ ಕಥೆಗೆ ಬರುವುದು ಇಲ್ಲಿ. 1980ರ ದಶಕದ ನಡುವೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟು, ಮಾತ್ರೆಯೂ ಅಲ್ಲೇ ಸಿಗುವಂತೆ ಮಾಡಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಇದನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದರೆ ಬಳ್ಳಾರಿಯಲ್ಲಿ ಹೆಚ್ಚು ಗಮನ ಹೋದದ್ದು ಮೂರ್ಛೆ ರೋಗ, ತೀವ್ರ ಮಾನಸಿಕ ಕಾಯಿಲೆಗಳ ಕಡೆಗೆ. ಟೊಂಕ ಹಿಡಿದುಕೊಂಡು ಬಂದ ಹೆಂಗಸು ಲೆಕ್ಕಕ್ಕೆ ಸಿಗುವುದು ಕಷ್ಟವೇ. 1999ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿದ್ದ 14 ದೇಶಗಳ ಅಧ್ಯಯನದಲ್ಲಿ ಖಿನ್ನತೆ ಇದ್ದವರಲ್ಲಿ ಶೇ. 69ರಷ್ಟು ಜನ ಡಾಕ್ಟರ ಬಳಿ ಹೇಳಿಕೊಂಡಿದ್ದು ಬರೀ ಮೈಯ ತೊಂದರೆ.

ಮನೆತನದ ಲೆಕ್ಕ ಸ್ಪಷ್ಟವಾಗಿದ್ದು ಆಮೇಲೆ. ಮೈಯೆಲ್ಲಾ ನೋಯುವ ಫೈಬ್ರೊಮಯಾಲ್ಜಿಯಾ ರೋಗಿಗಳ ಒಡಹುಟ್ಟಿದವರು, ತಂದೆತಾಯಿ, ಮಕ್ಕಳನ್ನು ಅಮೆರಿಕದ ಸಂಶೋಧಕರು ಸಂಧಿವಾತದವರ ಮನೆಯವರ ಜೊತೆ ಹೋಲಿಸಿದರು. ಆ ಮನೆಗಳಲ್ಲಿ ಅದೇ ನೋವೂ ಜಾಸ್ತಿ, ಖಿನ್ನತೆಯಂಥ ಕಾಯಿಲೆಯೂ ಜಾಸ್ತಿ ಎಂದು 2004ರಲ್ಲಿ ಬರೆದರು. ಹಾಗಾದರೆ ಎಲ್ಲಾ ರಕ್ತದ್ದೇ? ಅಲ್ಲ. 2016ರ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ದೀರ್ಘ ನೋವು ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವ ವ್ಯತ್ಯಾಸದಲ್ಲಿ ಸುಮಾರು ಶೇ. 38 ವಂಶದ ಪಾಲಾದರೆ, ಸುಮಾರು ಶೇ. 19 ಗಂಡ ಹೆಂಡತಿ ಒಟ್ಟಿಗೆ ಬದುಕುವ ವಾತಾವರಣದ ಪಾಲು. ಸೊಸೆ ರಕ್ತಸಂಬಂಧಿ ಅಲ್ಲ, ಆದರೂ ಗಂಡನ ಕಾಯಿಲೆ, ಸಾಲ, ನಿದ್ದೆಗೆಟ್ಟ ರಾತ್ರಿ ಅವಳದ್ದೂ ಹೌದು.

ಇಲ್ಲೊಂದು ಎಚ್ಚರಿಕೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಊರುಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುವ ಅಪಾಯ ಇದೆ. ಒಂದೇ ಬೋರಿನ ನೀರು ಕುಡಿದ ಮನೆಯಲ್ಲಿ ಅವ್ವ ಮಗಳು ಇಬ್ಬರಿಗೂ ಮೊಣಕಾಲು ನೋವು ಬಂದರೆ ಮೊದಲು ನೀರು ಪರೀಕ್ಷೆ ಮಾಡಿಸಬೇಕು. ಮನಸ್ಸಿನ ಮಾತು ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಚಿಕಿತ್ಸೆಯಲ್ಲೂ ನೋವು, ಮನಸ್ಸು ಎರಡೂ ಕೂಡುತ್ತವೆ. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್ ಅನ್ನು ಈಗ ನರದ ನೋವಿಗೂ ಸಣ್ಣ ಪ್ರಮಾಣದಲ್ಲಿ, ರಾತ್ರಿ ಹೊತ್ತು ಕೊಡುತ್ತಾರೆ. ತೊಂದರೆ ಅಂದರೆ, ಅದು ಯಾಕೆ ಎಂದು ಬಿಡಿಸಿ ಹೇಳುವಷ್ಟು ಪುರುಸೊತ್ತು ಡಾಕ್ಟರಿಗಿರುವುದಿಲ್ಲ. ಮನೆಗೆ ಬಂದ ಮೇಲೆ ಮಗ ಮೊಬೈಲಿನಲ್ಲಿ ಹೆಸರು ಹುಡುಕಿ "ಇದು ಹುಚ್ಚಿನ ಗುಳಿಗೆ ಅದ" ಅನ್ನುತ್ತಾನೆ. ಗುಳಿಗೆ ಅಲ್ಲಿಗೇ ನಿಲ್ಲುತ್ತದೆ, ಇಂಜೆಕ್ಷನ್ ಮತ್ತೆ ಶುರುವಾಗುತ್ತದೆ.